ಮೆಮೊರಿ ಕಾರ್ಡಿನ ಜಾಗ ಎಲ್ಲಿ ಹೋಯಿತು?



ಅಂಗೈಯಷ್ಟೇ ಅಗಲದ ಪುಟ್ಟ ಕಂಪ್ಯೂಟರುಗಳು ಈಗ ಬಳಕೆಗೆ ಬಂದಿವೆ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ರಾಸ್ಪ್‌ಬೆರಿ ಪೈ. ಮಕ್ಕಳು ಕಡಿಮೆ ಖರ್ಚಿನಲ್ಲಿ ಕಂಪ್ಯೂಟರ್ ಕಲಿಯಲಿ ಎಂದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. 2012ರಲ್ಲಿ ಇದು ಮಾರಾಟಕ್ಕೆ ಬಂತು. ಟಿ.ವಿ., ಕೀಬೋರ್ಡ್, ಮೌಸ್ ಜೋಡಿಸಿದರೆ ಪತ್ರ ಬರೆಯಬಹುದು, ಲೆಕ್ಕವನ್ನೂ ಇಡಬಹುದು.

ದೊಡ್ಡ ಕಂಪ್ಯೂಟರಿನಲ್ಲಿ ಇರುವಂತೆ ಇದರೊಳಗೆ ಹಾರ್ಡ್ ಡಿಸ್ಕ್ ಇರುವುದಿಲ್ಲ. ಮೊಬೈಲಿಗೆ ಹಾಕುವಂಥ, ಉಗುರಿನಷ್ಟು ಚಿಕ್ಕ ಮೆಮೊರಿ ಕಾರ್ಡೇ ಸಾಮಾನ್ಯವಾಗಿ ಇದಕ್ಕೆ ಆಧಾರ. ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯೂ ಅದರಲ್ಲೇ, ನಾವು ಬರೆದಿಟ್ಟ ಲೆಕ್ಕವೂ ಅದರಲ್ಲೇ. ಕಾರ್ಡಿನ ವಿಷಯ ತಿಳಿಯದೆ ಒಂದು ಗುಂಡಿ ಒತ್ತಿದರೆ ಸಂಘದ ವರ್ಷದ ಲೆಕ್ಕ ಅಳಿಸಿ ಹೋಗಬಹುದು. ಅದಕ್ಕಾಗಿ ಈ ಪಾಠ.

1. 32 ಇರಬೇಕಾದಲ್ಲಿ 29.8 ಯಾಕೆ?

ಕಾರ್ಡಿನ ಮೇಲೆ 32 ಜಿ.ಬಿ. ಅಂತ ಇರುತ್ತದೆ, ಕಂಪ್ಯೂಟರಿಗೆ ಹಾಕಿದರೆ ಸುಮಾರು 29.8 ಅಂತ ಬರುತ್ತದೆ. ಅಂಗಡಿಯವರು ಮೋಸ ಮಾಡಿದರು ಅಂತ ಜಗಳಕ್ಕೆ ಹೋಗಬೇಡಿ. ಮಾಹಿತಿ ಅಳೆಯುವ ಚಿಕ್ಕ ಅಳತೆಗೆ ಬೈಟ್ ಎಂದು ಹೆಸರು. ಕಾರ್ಡ್ ತಯಾರಿಸುವವರು 100 ಕೋಟಿ ಬೈಟಿಗೆ ಒಂದು ಜಿ.ಬಿ. ಅನ್ನುತ್ತಾರೆ. ವಿಂಡೋಸ್ ಕಂಪ್ಯೂಟರ್ ಸುಮಾರು 107 ಕೋಟಿ ಬೈಟಿಗೆ ಒಂದು ಜಿ.ಬಿ. ಅಂತ ಎಣಿಸುತ್ತದೆ. ಅದೇ ಅಕ್ಕಿಯನ್ನು ಚಿಕ್ಕ ಸೇರಿನಲ್ಲಿ ಅಳೆದರೆ ಹೆಚ್ಚು ಸೇರು, ದೊಡ್ಡ ಸೇರಿನಲ್ಲಿ ಅಳೆದರೆ ಕಡಿಮೆ ಸೇರು. ಅಕ್ಕಿ ಮಾತ್ರ ಅಷ್ಟೇ.

2. ಅರ್ಧ ಜಿ.ಬಿ. ಮಾತ್ರ ಕಂಡರೆ?

ಜಮೀನು ಒಂದೇ ಆದರೂ ಅಣ್ಣತಮ್ಮಂದಿರ ನಡುವೆ ಹಿಸ್ಸೆಯಾಗುವುದು ನಮಗೆ ಗೊತ್ತು. ಕಾರ್ಡಿನಲ್ಲೂ ಹೀಗೆ ಹಿಸ್ಸೆ ಮಾಡುತ್ತಾರೆ. ಇದಕ್ಕೆ ಪಾರ್ಟಿಶನ್ ಎನ್ನುತ್ತಾರೆ. ರಾಸ್ಪ್‌ಬೆರಿ ಪೈ ಕಾರ್ಡಿನಲ್ಲಿ ಮುಖ್ಯವಾಗಿ ಎರಡು ಪಾಲು:

- ಚಿಕ್ಕ ಪಾಲು: ಕಂಪ್ಯೂಟರ್ ಶುರುವಾಗಲು ಬೇಕಾದ ಫೈಲುಗಳು. ಈಗಿನ ಕಾರ್ಡುಗಳಲ್ಲಿ ಸುಮಾರು ಅರ್ಧ ಜಿ.ಬಿ.
- ದೊಡ್ಡ ಪಾಲು: ನಡೆಸುವ ವ್ಯವಸ್ಥೆ ಮತ್ತು ನಮ್ಮ ಕಡತಗಳು.

ಈ ಕಾರ್ಡನ್ನು ತೆಗೆದು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ಅದಕ್ಕೆ ಚಿಕ್ಕ ಪಾಲು ಮಾತ್ರ ಓದಲು ಬರುತ್ತದೆ. ದೊಡ್ಡ ಪಾಲಿನ ಬರವಣಿಗೆಯ ಕ್ರಮ ಬೇರೆ. ಆಗ "ಫಾರ್ಮ್ಯಾಟ್ ಮಾಡಬೇಕು" ಅಂತ ಪರದೆಯ ಮೇಲೆ ಬರಬಹುದು. ದಯವಿಟ್ಟು ಒಪ್ಪಬೇಡಿ! ಬೇಡ ಅಂತ ಒತ್ತಿ ಕಾರ್ಡನ್ನು ಹೊರಗೆ ತೆಗೆಯಿರಿ. ಕಾರ್ಡ್ ಹಾಳಾಗಿಲ್ಲ, ಲೆಕ್ಕ ಅಲ್ಲೇ ಇದೆ.

3. ಹೊಸ ದೊಡ್ಡ ಕಾರ್ಡ್, ಆದರೂ ಜಾಗ ಇಲ್ಲ!

16 ಜಿ.ಬಿ. ಕಾರ್ಡ್ ತುಂಬಿತು ಅಂತ ಅದರಲ್ಲಿದ್ದದ್ದನ್ನು ಇದ್ದಂತೆಯೇ 32ರ ಕಾರ್ಡಿಗೆ ನಕಲು ಮಾಡಿಸಿದರೆ ಹಳೆಯ ಗಡಿಯೂ ನಕಲಾಗುತ್ತದೆ. ಉಳಿದರ್ಧ ಬೇಲಿಯ ಆಚೆಗಿನ ಬೀಳು ಭೂಮಿಯಂತೆ ಸುಮ್ಮನೆ ಬಿದ್ದಿರುತ್ತದೆ. ಬೇರೆ ಕಾರ್ಡ್ ಕೊಳ್ಳುವ ಖರ್ಚು ಬೇಕಿಲ್ಲ. ಮೊದಲು ಲೆಕ್ಕದ ಪ್ರತಿ ತೆಗೆದಿಟ್ಟುಕೊಂಡು, ರಾಸ್ಪಿ-ಕಾನ್ಫಿಗ್ ಎಂಬ ಸೆಟ್ಟಿಂಗ್‌ನಲ್ಲಿ ಅಡ್ವಾನ್ಸ್ಡ್ ಆಪ್ಶನ್ಸ್, ನಂತರ ಎಕ್ಸ್‌ಪ್ಯಾಂಡ್ ಫೈಲ್‌ಸಿಸ್ಟಮ್ ಆರಿಸಿ, ಕಂಪ್ಯೂಟರನ್ನು ಒಮ್ಮೆ ಮುಚ್ಚಿ ತೆರೆದರೆ ಬೇಲಿ ಮುಂದಕ್ಕೆ ಸರಿಯುತ್ತದೆ. ವ್ಯವಸ್ಥೆಯನ್ನು ಹೊಸದಾಗಿ ಹಾಕಿದಾಗ ಮೊದಲ ಸಲ ಶುರುವಾಗುವಾಗಲೇ ಇದು ತಾನಾಗಿ ಆಗುತ್ತದೆ.

4. ಕೊಳ್ಳುವಾಗ ಎಚ್ಚರ

ಪರದೆ ಇಟ್ಟು ಬಳಸುವವರಿಗೆ 32 ಜಿ.ಬಿ. ಸಾಕು. ತೀರಾ ಅಗ್ಗಕ್ಕೆ ದೊಡ್ಡ ಕಾರ್ಡ್ ಸಿಗುತ್ತದೆ ಅಂತ ಆಸೆಪಡಬೇಡಿ. ಮೇಲೆ 64 ಅಂತ ಇದ್ದು ಒಳಗೆ 8 ಮಾತ್ರ ಇರುವ ನಕಲಿ ಕಾರ್ಡುಗಳೂ ಇವೆ. ಅವು ಕಂಪ್ಯೂಟರಿಗೂ 64 ಅಂತಲೇ ಸುಳ್ಳು ಹೇಳುತ್ತವೆ. 8 ತುಂಬಿದ ಮೇಲೆ ಬರೆದದ್ದು ಉಳಿಯುವುದಿಲ್ಲ. ರಸೀದಿ ಕೇಳಿ ಪಡೆಯಿರಿ. ಕಾರ್ಡ್ ಖಾಲಿ ಇರುವಾಗಲೇ ಎಚ್‌2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಪ್ರೋಗ್ರಾಂನಿಂದ ಪರೀಕ್ಷೆ ಮಾಡಿಸಿ. ಅದು ಕಾರ್ಡನ್ನು ಪೂರ್ತಿ ತುಂಬಿಸಿ, ತುಂಬಿಸಿದ್ದನ್ನು ಮತ್ತೆ ಓದಿ ನೋಡುತ್ತದೆ.

5. ಪಾಲು ಮಾಡಿದರೆ ಭದ್ರತೆ ಬರುವುದಿಲ್ಲ

"ಒಂದು ಪಾಲಿನಲ್ಲಿ ಲೆಕ್ಕ, ಇನ್ನೊಂದು ಪಾಲಿನಲ್ಲಿ ಅದರ ಪ್ರತಿ ಇಟ್ಟಿದ್ದೇವೆ, ಇನ್ನೇನು ಭಯ?" ಅಂತ ಕೆಲವರು ಕೇಳಬಹುದು. ಒಂದೇ ಪೆಟ್ಟಿಗೆಯಲ್ಲಿ ಎರಡು ಖಾನೆ ಮಾಡಿ ಹಣ ಇಟ್ಟರೆ, ಪೆಟ್ಟಿಗೆಯೇ ಕಳುವಾದಾಗ ಯಾವ ಖಾನೆಯ ಹಣ ಉಳಿಯುತ್ತದೆ? ಕಾರ್ಡ್ ಕೆಟ್ಟರೆ ಎರಡು ಪಾಲೂ ಹೋಗುತ್ತವೆ. ಪ್ರತಿ ಸಭೆಯ ನಂತರ ಲೆಕ್ಕವನ್ನು ಬೇರೆ ಪೆನ್ ಡ್ರೈವಿಗೆ ಹಾಕಿ ಇನ್ನೊಬ್ಬ ಸದಸ್ಯೆಯ ಮನೆಯಲ್ಲಿಡಿ. ಕೈಬರಹದ ಪುಸ್ತಕವನ್ನೂ ಬಿಡಬೇಡಿ. ಕೆಲಸ ಮುಗಿದ ಮೇಲೆ ಶಟ್‌ಡೌನ್ ಮಾಡಿಯೇ ಸ್ವಿಚ್ ಆರಿಸಿ. ಬರೆಯುತ್ತಿರುವಾಗ ಕರೆಂಟು ಹೋದರೆ ಕಡತ ಕೆಡಬಹುದು.

ಸಭೆಯಲ್ಲಿ ಚರ್ಚಿಸಿ:

1. ನಮ್ಮ ಸಂಘದ ಲೆಕ್ಕ ಈಗ ಎಷ್ಟು ಕಡೆ ಇದೆ?
2. ಇಂದು ಕಾರ್ಡ್ ಅಥವಾ ಮೊಬೈಲ್ ಕೆಟ್ಟರೆ ಯಾರ ಉಳಿತಾಯಕ್ಕೆ ದಾಖಲೆ ಇರುವುದಿಲ್ಲ?
3. ಪ್ರತಿ ತೆಗೆದಿಡುವ ಜವಾಬ್ದಾರಿ ಈ ತಿಂಗಳು ಯಾರದು? ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.