ಮಕ್ಕಳೊಡನೆ ವನಸಂಚಾರ

ಬಿಲ್ವಪತ್ರೆಯ ಮಹಿಮೆಯನ್ನು ನಿರರ್ಗಳವಾಗಿ ಹೇಳಬಲ್ಲ ಬಾಲಕನು ಬಿಲ್ವವೃಕ್ಷದ ಕೆಳಗೆ ನಿಂತಾಗ ಅದನ್ನು ಗುರುತಿಸಲಾರದೆ ಹೋಗುವುದುಂಟು. ಇದು ಬಾಲಕನ ದೋಷವಲ್ಲ. ಪದವನ್ನು ಕಲಿಸಿ ಪದಾರ್ಥವನ್ನು ತೋರಿಸದ ಹಿರಿಯರ ದೋಷ. ಇದಕ್ಕೆ ಪರಿಹಾರವು ನಮ್ಮ ಸಮೀಪದಲ್ಲಿಯೇ ಇದೆ.

ತುಮಕೂರಿನಿಂದ ಸುಮಾರು 15 ಕಿಲೋಮೀಟರು ದೂರದಲ್ಲಿ ದೇವರಾಯನದುರ್ಗದ ಅರಣ್ಯವಿದೆ. ಶ್ರೀರಾಮನು ವನವಾಸಕಾಲದಲ್ಲಿ ತಿಲಕಧಾರಣೆಗೆ ನೀರು ದೊರೆಯದಿರಲು ಬಂಡೆಗೆ ಬಾಣ ಬಿಟ್ಟು ಚಿಮ್ಮಿಸಿದನೆಂದು ಪ್ರತೀತಿಯಿರುವ ನಾಮದ ಚಿಲುಮೆಯೂ ಅಲ್ಲಿಯೇ ಇದೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳೊಡನೆ ಒಂದು ಕಾರ್ತಿಕಮಾಸದಲ್ಲಿ ನಾನು ಅಲ್ಲಿಗೆ ಹೋಗಿದ್ದೆನು. ಆರು ವರ್ಷದ ಮೊಮ್ಮಗಳು ಮೂರೆಲೆಯ ಗಿಡವೊಂದನ್ನು ಕಂಡು, “ತಾತಾ, ಪತ್ರೆ!” ಎಂದಳು. ನಾನೂ ಹೌದೆಂದು ತಲೆಯಾಡಿಸಿದೆನು. ಹಿಂದೆ ಬರುತ್ತಿದ್ದ ಸೊಸೆಯು, “ಇಲ್ಲ ಮಾವ, ಇದು ಮುತ್ತುಗ. ನಮ್ಮೂರಲ್ಲಿ ಇದರ ಎಲೆಗೆ ಕಡ್ಡಿ ಚುಚ್ಚಿ ಊಟದೆಲೆ ಹಚ್ಚುತ್ತಿದ್ದೆವು” ಎಂದಳು. ಪಲಾಶ, ಕಿಂಶುಕ, ಪರ್ಣ ಎಂದು ಅಮರಕೋಶದ ಪರ್ಯಾಯಪದಗಳನ್ನು ಅನೇಕ ವರ್ಷ ಪಾಠ ಹೇಳಿದ ನಾನು, ಆ ಗಿಡವು ಎದುರಿಗೆ ನಿಂತಾಗ ಅರಿಯದೆ ಹೋದೆನು. ಅಂದು ಸೊಸೆಯೇ ಗುರುವಾದಳು.

ಎರಡಕ್ಕೂ ಮೂರು ಮೂರು ದಳಗಳಿದ್ದರೂ ಭೇದವು ಸ್ಪಷ್ಟವಾಗಿದೆ. ಬಿಲ್ವಕ್ಕೆ ಮುಳ್ಳುಂಟು, ಎಲೆ ಚಿಕ್ಕದು, ಹೊಸಕಿದರೆ ಪರಿಮಳ ಬರುತ್ತದೆ. ಮುತ್ತುಗಕ್ಕೆ ಮುಳ್ಳಿಲ್ಲ, ಎಲೆ ಅಂಗೈಯಷ್ಟು ಅಗಲ, ಮುಟ್ಟಿದರೆ ಒರಟು. ಫಾಲ್ಗುಣದ ವೇಳೆಗೆ ಮುತ್ತುಗದ ಮರಗಳು ಎಲೆಯುದುರಿಸಿ ಕೆಂಡದಂತಹ ಹೂವನ್ನು ತಳೆಯುತ್ತವೆ. ಆದುದರಿಂದ ಒಮ್ಮೆ ನೋಡಿದರೆ ಸಾಲದು. ಋತುಭೇದದಿಂದ ಮತ್ತೆ ನೋಡಬೇಕು.

ಬೆಟ್ಟದ ಮೇಲೆ ಮಕ್ಕಳಿಗೆ ತೋರಿಸಬೇಕಾದ ಇನ್ನೊಂದು ಪಾಠವುಂಟು. ಈ ಗಿರಿಶ್ರೇಣಿಯು ನೀರನ್ನು ಎರಡಾಗಿ ಹಂಚುತ್ತದೆ. ಇಲ್ಲಿ ಹುಟ್ಟುವ ಜಯಮಂಗಲಿಯು ಉತ್ತರಕ್ಕೆ ಹರಿದು ಕೊರಟಗೆರೆ, ಮಧುಗಿರಿ ಸೀಮೆಗಳನ್ನು ದಾಟಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇಲ್ಲಿಯೇ ಹುಟ್ಟುವ ಶಿಂಷಾ ನದಿಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನೂ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನೂ ತುಂಬಿ ಮುಂದೆ ಕಾವೇರಿಯಲ್ಲಿ ಲೀನವಾಗುತ್ತದೆ. ಗುಬ್ಬಿಯ ಗದ್ದೆಗೂ ಕುಣಿಗಲ್ಲಿನ ತೋಟಕ್ಕೂ ಈ ಕಾಡಿಗೂ ಇರುವ ನಂಟನ್ನು ಕಣ್ಣಾರೆ ಕಂಡ ಮಗುವಿಗೆ “ಕಾಡನ್ನು ಉಳಿಸು” ಎಂಬ ಉಪದೇಶವು ಬೇರೆ ಬೇಕಾಗದು.

ಪಾಲಕರು ಕೆಲವು ನಿಯಮಗಳನ್ನು ಪಾಲಿಸತಕ್ಕದ್ದು. ಇದು ಚಿರತೆ, ಕರಡಿಗಳಿರುವ ಕಾಡು. ಬೆಳಗಿನ ಹೊತ್ತು ಹೋಗಿ, ಅರಣ್ಯ ಇಲಾಖೆಯವರು ಅನುಮತಿಸಿದ ದಾರಿಯನ್ನು ಬಿಡದೆ ನಡೆಯಬೇಕು. ಮಕ್ಕಳ ಕೈ ಬಿಡಬಾರದು. ಕೋತಿಗಳಿಗೆ ತಿಂಡಿ ಎಸೆಯಬಾರದು. ಪ್ಲಾಸ್ಟಿಕ್ ಚೀಲವನ್ನು ಅಲ್ಲಿ ಬಿಟ್ಟು ಬರಬಾರದು. ಬೇಸಗೆಯಲ್ಲಿ ಒಣಹುಲ್ಲಿಗೆ ತಾಗಿದ ಒಂದು ಬೆಂಕಿಕಡ್ಡಿಯು ಗುಡ್ಡವನ್ನೇ ಸುಡಬಲ್ಲದು.

ಅಕ್ಕಮಹಾದೇವಿಯು ಗಿಳಿ, ಕೋಗಿಲೆ, ದುಂಬಿ, ನವಿಲುಗಳನ್ನು ಹೆಸರು ಹಿಡಿದು ಕರೆದು ಚೆನ್ನಮಲ್ಲಿಕಾರ್ಜುನನ ಸುದ್ದಿಯನ್ನು ವಿಚಾರಿಸಿದಳು. ಹೆಸರನ್ನೇ ಅರಿಯದವನು ಯಾರನ್ನು ಕರೆದಾನು, ಏನನ್ನು ಕೇಳಿಯಾನು? ವಿದ್ಯಾರ್ಥಿಗಳೇ, ಮುಂದಿನ ರಜೆಯಲ್ಲಿ ತಂದೆತಾಯಿಗಳೊಡನೆ, ಸಾಧ್ಯವಾದರೆ ಅಜ್ಜಿಯನ್ನೂ ಕರೆದುಕೊಂಡು, ಕಾಡಿಗೆ ಹೋಗಿರಿ. ಐದು ಮರಗಳ ಹೆಸರನ್ನು ಕೇಳಿ ತಿಳಿದು ಬನ್ನಿರಿ. ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಳ್ಳಿರಿ. ಈ ತಾತನಂತೆ ತಲೆಯಾಡಿಸಬೇಡಿರಿ.