ರ‍್ಯಾಂಡಮೈಸರ್ ಜೂಜಲ್ಲ, ಆದರೆ ಫೈಲ್ ಎಲ್ಲಿಂದ ಬಂತೆಂದು ಕೇಳಿ

ಮಗ ಕಂಪ್ಯೂಟರಿಗೆ ‘ರ‍್ಯಾಂಡಮೈಸರ್’ ಅಂತ ಏನನ್ನೋ ಇಳಿಸಿಕೊಳ್ಳುತ್ತಿದ್ದಾನೆ, ಇದೇನು ಜೂಜೇ ಎಂದು ಪೋಷಕರು ಕೇಳುತ್ತಾರೆ. ಜೂಜಲ್ಲ. ಇದರಲ್ಲಿ ಪಣವಾಗಿ ಹಣ ಕಟ್ಟುವುದಿಲ್ಲ. ವಿಡಿಯೊ ಗೇಮಿನಲ್ಲಿ ಯಾವ ಪೆಟ್ಟಿಗೆಯೊಳಗೆ ಏನಿದೆ ಎಂಬುದನ್ನು ಇಸ್ಪೀಟಿನ ಎಲೆ ಕಲೆಸಿದ ಹಾಗೆ ಕಲೆಸಿಕೊಡುವ ಪ್ರೋಗ್ರಾಂ ಇದು. ಬಾಯಿಪಾಠವಾದ ಆಟ ಮತ್ತೆ ಹೊಸದಾಗುತ್ತದೆ, ಅಷ್ಟೆ.

1991ರಲ್ಲಿ ಜಪಾನಿನ ನಿಂಟೆಂಡೊ ಹೊರತಂದ ಜೆಲ್ಡಾ ಸರಣಿಯ ‘ಎ ಲಿಂಕ್ ಟು ದ ಪಾಸ್ಟ್’ ಆಟವನ್ನೇ ನೋಡಿ. ಅದರ ರ‍್ಯಾಂಡಮೈಸರ್ 216 ಜಾಗಗಳಲ್ಲಿರುವ ವಸ್ತುಗಳನ್ನು ಅದಲುಬದಲು ಮಾಡುತ್ತದೆ. ಸುಮ್ಮನೆ ಚೆಲ್ಲಾಡಿದರೆ ಕೆಲಸ ಕೆಟ್ಟಿತು, ಬೀಗ ಹಾಕಿದ ಕೋಣೆಯೊಳಗೇ ಅದರ ಕೀಲಿ ಉಳಿದುಬಿಡಬಹುದು. ಈ ಆಟದ ಕತ್ತಲ ಲೋಕಕ್ಕೆ ಕಾಲಿಟ್ಟರೆ ನಾಯಕ ಲಿಂಕ್ ಮೊಲವಾಗಿಬಿಡುತ್ತಾನೆ, ಕತ್ತಿ ಬೀಸಲಾರ. ತನ್ನ ರೂಪದಲ್ಲೇ ಉಳಿಯಲು ‘ಮೂನ್ ಪರ್ಲ್’ ಎಂಬ ಮುತ್ತು ಬೇಕು. ಅದನ್ನು ಎಲ್ಲಿಡುವುದು? ಆ ಮುತ್ತೊಂದನ್ನು ಬಿಟ್ಟು, ಇನ್ನೂ ಇಡಬೇಕಾಗಿರುವ ಬೇರೆಲ್ಲ ವಸ್ತುಗಳೂ ಆಟಗಾರನ ಕೈಯಲ್ಲಿವೆ ಎಂದುಕೊಂಡು, ಅವನು ಎಲ್ಲೆಲ್ಲಿಗೆ ಹೋಗಬಲ್ಲ ಎಂದು ಪ್ರೋಗ್ರಾಂ ಲೆಕ್ಕ ಹಾಕುತ್ತದೆ. ಆ ಜಾಗಗಳಲ್ಲೇ ಒಂದರಲ್ಲಿ ಇಡುತ್ತದೆ. ಮಕ್ಕಳು ಇದನ್ನು ‘ಲಾಜಿಕ್’ ಎನ್ನುತ್ತಾರೆ. ಯಾವ ವಸ್ತು ಯಾವ ದಾರಿ ತೆರೆಯುತ್ತದೆ ಎಂದು ಬಿಡಿಸುತ್ತಾ ಹೋಗುವುದು ನಿಜವಾಗಿ ತಲೆಗೆ ಕೆಲಸ ಕೊಡುವ ಸಂಗತಿ, ನನಗೆ ಇದರ ಬಗ್ಗೆ ತುಂಬ ಗೌರವವಿದೆ. ಪ್ರತಿ ಜೋಡಣೆಗೂ ಒಂದು ‘ಸೀಡ್’, ಅಂದರೆ ಅದೇ ಜೋಡಣೆಯನ್ನು ಮತ್ತೆ ಪಡೆಯುವ ಗುರುತು, ಇರುತ್ತದೆ. ಗೆಳೆಯರಿಬ್ಬರು ಒಂದೇ ಸೀಡ್ ಇಟ್ಟುಕೊಂಡು ಯಾರು ಮೊದಲು ಮುಗಿಸುತ್ತಾರೆ ಎಂದು ಪೈಪೋಟಿ ನಡೆಸುತ್ತಾರೆ. ಅದು ಗಂಟೆಗಟ್ಟಲೆ ಹಿಡಿಯಬಹುದು, ಆದ್ದರಿಂದ ಊಟದ ಹೊತ್ತನ್ನು ಶುರುವಾಗುವ ಮೊದಲೇ ಮಾತಾಡಿಕೊಳ್ಳಿ.

ಎಷ್ಟೋ ಆಟಗಳಿಗೆ ಇಂಥ ಪ್ರೋಗ್ರಾಂಗಳಿವೆ. ಅವನ್ನೆಲ್ಲ ಒಂದೆಡೆ ಕೂಡಿಸಿಡುವ ಮುಕ್ತ ಪಟ್ಟಿಯನ್ನು ಆಟಗಾರರೇ ಬಿಡುವಿನಲ್ಲಿ ನೋಡಿಕೊಳ್ಳುತ್ತಾರೆ. ಗೂಗಲ್‌ನಲ್ಲಿ ಕಂಡಕಂಡದ್ದನ್ನು ಒತ್ತುವುದಕ್ಕಿಂತ ಅಲ್ಲಿಂದ ಹೊರಡುವುದು ಎಷ್ಟೋ ಮೇಲು. ಆದರೂ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಪ್ರತಿ ಫೈಲನ್ನೂ ಯಾರೋ ಪರೀಕ್ಷಿಸಿದ್ದಾರೆ ಎಂದುಕೊಳ್ಳಬೇಡಿ. ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂ ಬರೆದ ಮೂಲ ಸಾಲುಗಳು, ಎಲ್ಲರೂ ನೋಡುವಂತಿದೆಯೇ, ಇತ್ತೀಚೆಗೆ ಯಾರಾದರೂ ಅದನ್ನು ತಿದ್ದಿದ್ದಾರೆಯೇ ಎಂದು ಮಗನ ಜೊತೆ ಕೂತು ನೋಡಿ. ಬ್ರೌಸರಿನಲ್ಲೇ ನಡೆಯುವಂಥದ್ದು ಸಿಕ್ಕರೆ ಅದನ್ನೇ ಆರಿಸಿ.

ಅಪಾಯ ಇರುವುದು ಹೆಚ್ಚಾಗಿ ಬೇರೆ ಕಡೆ. ಹಳೆಯ ಆಟಗಳ ರ‍್ಯಾಂಡಮೈಸರ್ ಸಾಮಾನ್ಯವಾಗಿ ಆಟವನ್ನು ಕೊಡುವುದಿಲ್ಲ. ಆಟದ ಮೂಲ ಫೈಲ್, ಅಂದರೆ ‘ರಾಮ್’, ನಿಮ್ಮದೇ ಇರಬೇಕು ಎನ್ನುತ್ತದೆ. ಮಕ್ಕಳು ಎಡವುವುದು ಇಲ್ಲೇ. ‘ಫ್ರೀ ರಾಮ್’ ಎಂದು ಹುಡುಕಿದರೆ ನಕಲಿ ಡೌನ್‌ಲೋಡ್ ಬಟನ್‌ಗಳು, ಅಸಭ್ಯ ಜಾಹೀರಾತುಗಳು, ವೈರಸ್ ಹೊತ್ತ ಫೈಲ್‌ಗಳು ಎದುರಾಗುತ್ತವೆ, ಜೊತೆಗೆ ಕಾಪಿರೈಟ್ ಉಲ್ಲಂಘನೆಯೂ ಆಗುತ್ತದೆ. ಬೈಯುವುದಕ್ಕಿಂತ ಬೇರೆ ದಾರಿ ತೋರಿಸಿ. 2017ರ ‘ಹಾಲೊ ನೈಟ್’ನಂಥ ಆಟವನ್ನು ಕಂಪ್ಯೂಟರಿಗೆ ದುಡ್ಡು ಕೊಟ್ಟು ಕೊಂಡರೆ, ಆ ಪ್ರತಿಗೇ ರ‍್ಯಾಂಡಮೈಸರ್ ಸೇರಿಸಿಕೊಳ್ಳಬಹುದು.

ಇನ್ನು ಹರಟೆ. ಈ ಆಟಗಾರರು ಹೆಚ್ಚಾಗಿ ಸೇರುವುದು ಚಾಟ್ ಆ್ಯಪ್ ಆದ ಡಿಸ್ಕಾರ್ಡ್‌ನಲ್ಲಿ. ಅಲ್ಲಿ ಖಾತೆ ತೆರೆಯಲು ಕನಿಷ್ಠ 13 ವರ್ಷವಾಗಿರಬೇಕು. ಅಪರಿಚಿತರು ನೇರ ಮೆಸೇಜ್ ಕಳಿಸದಂತೆ ಸೆಟ್ಟಿಂಗ್ ಬದಲಾಯಿಸಿ, ಅಲ್ಲಿ ಯಾರಾದರೂ ಕಳಿಸಿದ ಫೈಲನ್ನು ತೆರೆಯುವ ಮುನ್ನ ನಿಮಗೆ ತೋರಿಸಲು ಹೇಳಿ.