ಮೋಟಾರ್‌ಸೈಕಲ್ ಚೈನಿನ ಶುಚೀಕರಣ ಮತ್ತು ಎಣ್ಣೆ ಲೇಪನ: ಸುರಕ್ಷಿತ ವಿಧಾನ
(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

1. ಪಾಠದ ಉದ್ದೇಶ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಗ್ರಾಮ ಪಂಚಾಯಿತಿಯ ದೈನಂದಿನ ಕೆಲಸಗಳು ಬಹುಮಟ್ಟಿಗೆ ಮೋಟಾರ್‌ಸೈಕಲ್ಲನ್ನು ಅವಲಂಬಿಸಿವೆ. ಮುಂಜಾನೆ ಮೋಟಾರು ಚಾಲೂ ಮಾಡಲು ಹೊರಡುವ ನೀರುಗಂಟಿ, ಮನೆ ಮನೆಗೆ ತೆರಳುವ ಕರವಸೂಲಿಗಾರ, ಕಾಮಗಾರಿ ವೀಕ್ಷಣೆಗೆ ಹೋಗುವ ಸದಸ್ಯರು, ಎಲ್ಲರ ವಾಹನವೂ ಇದೇ. ಈ ವಾಹನದ ಚೈನನ್ನು ಶುಚಿಗೊಳಿಸುವುದು ಹದಿನೈದು ನಿಮಿಷಗಳ ಸರಳ ಕೆಲಸ. ಆದರೆ ಅದನ್ನು ಎಂಜಿನ್ ಚಾಲೂ ಇಟ್ಟು ಮಾಡುವ ರೂಢಿ ಹಲವೆಡೆ ಇದೆ. ಈ ರೂಢಿಯಿಂದ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ. ಆದುದರಿಂದ ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಚಕ್ರವನ್ನು ಕೈಯಿಂದಲೇ ತಿರುಗಿಸಿ ಈ ಕೆಲಸ ಮಾಡುವ ಕ್ರಮವನ್ನು ಸದಸ್ಯರು ತಾವು ಅರಿತು, ಸಿಬ್ಬಂದಿಗೂ ಗ್ರಾಮಸ್ಥರಿಗೂ ತಿಳಿಸಬೇಕೆಂಬುದು ಈ ಪಾಠದ ಉದ್ದೇಶ.

2. ಚೈನು ಸವೆಯುವುದು ಹೇಗೆ?

100ರಿಂದ 125 ಸಿ.ಸಿ. ಸಾಮರ್ಥ್ಯದ ಹೆಚ್ಚಿನ ವಾಹನಗಳ ಚೈನಿನಲ್ಲಿ ನೂರಕ್ಕೂ ಹೆಚ್ಚು ಕೊಂಡಿಗಳಿರುತ್ತವೆ. ಒಂದು ಕೊಂಡಿಯಿಂದ ಮುಂದಿನದಕ್ಕೆ ಇರುವ ಅಂತರ 12.7 ಮಿ.ಮೀ., ಅಂದರೆ ಅರ್ಧ ಅಂಗುಲ. ಚೈನು ಎಳೆದು ಉದ್ದವಾಯಿತೆಂದು ಹೇಳುವುದು ವಾಡಿಕೆ. ವಾಸ್ತವದಲ್ಲಿ ಉಕ್ಕು ಹಿಗ್ಗುವುದಿಲ್ಲ; ಪ್ರತಿ ಕೊಂಡಿಯೊಳಗಿನ ಪಿನ್ನು ಮತ್ತು ಅದರ ಸುತ್ತಲಿನ ಬುಷ್ ಸವೆಯುತ್ತವೆ. ಪ್ರತಿ ಕೊಂಡಿಯಲ್ಲಿ 0.1 ಮಿ.ಮೀ. ಸವೆದರೂ ನೂರು ಕೊಂಡಿಗಳಿಗೆ 10 ಮಿ.ಮೀ. ಉದ್ದ ಹೆಚ್ಚುತ್ತದೆ. ಅತಿಯಾಗಿ ಸಡಿಲಗೊಂಡ ಚೈನು ಹಲ್ಲುಚಕ್ರದಿಂದ ಕಳಚಿ ಹಿಂದಿನ ಚಕ್ರವನ್ನು ಹಠಾತ್ತನೆ ಬಿಗಿಹಿಡಿಯಬಹುದು.

ಈ ನಾಲ್ಕು ತಾಲ್ಲೂಕುಗಳು ಬಯಲುಸೀಮೆಗೆ ಸೇರಿದವು. ಬೇಸಿಗೆಯಲ್ಲಿ ಹಳ್ಳಿರಸ್ತೆಗಳ ಕೆಂಪು ಮಣ್ಣಿನ ಧೂಳು ಎಣ್ಣೆಯೊಂದಿಗೆ ಬೆರೆತು ಕೊಂಡಿಗಳ ನಡುವೆ ಸೇರುತ್ತದೆ. ಆಗ ಅದು ಎಣ್ಣೆಯಾಗಿ ಉಳಿಯದೆ ಸಾಣೆಕಲ್ಲಿನಂತೆ ಉಕ್ಕನ್ನು ಉಜ್ಜುತ್ತದೆ. ಹಳೆಯ ಕೊಳೆಯ ಮೇಲೆಯೇ ಹೊಸ ಎಣ್ಣೆ ಸುರಿಯುವುದರಿಂದ ಪ್ರಯೋಜನವಿಲ್ಲ. ಮೊದಲು ಶುಚಿಗೊಳಿಸಿ, ನಂತರ ಎಣ್ಣೆ ಹಾಕತಕ್ಕದ್ದು.

ಸಾಮಾನ್ಯವಾಗಿ 500 ಕಿ.ಮೀ.ಗೊಮ್ಮೆ ಈ ಕೆಲಸ ಮಾಡುವುದು ಸೂಕ್ತ. ಪಾವಗಡದಿಂದ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಸುಮಾರು 100 ಕಿ.ಮೀ. ದೂರವಿದೆ. ಹೋಗಿ ಬರುವ ಎರಡೂವರೆ ಪ್ರಯಾಣಗಳಿಗೆ ಈ ಅವಧಿ ಮುಗಿಯುತ್ತದೆ. ಮಳೆಯಲ್ಲಿ ಓಡಿಸಿದ ಅಥವಾ ವಾಟರ್ ಸರ್ವಿಸ್ ಮಾಡಿಸಿದ ನಂತರ, 500 ಕಿ.ಮೀ. ಆಗದಿದ್ದರೂ, ಚೈನನ್ನು ಒರೆಸಿ ಎಣ್ಣೆ ಹಾಕಬೇಕು.

3. ಎಂಜಿನ್ ಚಾಲೂ ಇಡುವುದು ಏಕೆ ಸಲ್ಲದು?

ವಾಹನವನ್ನು ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರಿನಲ್ಲಿಟ್ಟು, ತಿರುಗುವ ಚೈನಿಗೆ ಬಟ್ಟೆ ಹಿಡಿದರೆ ಕೆಲಸ ಬೇಗ ಮುಗಿಯುತ್ತದೆ ಎಂಬ ಭಾವನೆ ಇದೆ. ಇದರ ಲೆಕ್ಕವನ್ನು ಗಮನಿಸಬಹುದು. ಎಕ್ಸಲೇಟರ್ ಕೊಡದೆಯೇ 100 ಸಿ.ಸಿ. ಎಂಜಿನ್ ನಿಮಿಷಕ್ಕೆ ಸುಮಾರು 1400 ಸುತ್ತು ತಿರುಗುತ್ತದೆ. ಮೊದಲನೆಯ ಗೇರಿನಲ್ಲಿ ಆಗ ಚೈನು ಸೆಕೆಂಡಿಗೆ ಅಂದಾಜು 35 ಸೆಂ.ಮೀ. ಚಲಿಸುತ್ತದೆ. ಅಪಾಯ ಕಂಡ ಮನುಷ್ಯನು ಕೈ ಹಿಂತೆಗೆಯಲು ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಚೈನು 8 ಸೆಂ.ಮೀ.ಗಿಂತ ಹೆಚ್ಚು ಮುಂದೆ ಸಾಗಿರುತ್ತದೆ. ಅದು ಒಂದು ಬೆರಳಿನಷ್ಟು ಉದ್ದ. ನಾಲ್ಕನೆಯ ಗೇರಿನಲ್ಲಿ ವೇಗವು ಇದರ ಸುಮಾರು ಮೂರು ಪಟ್ಟು.

ಎಂಜಿನ್ ಚಲಿಸುವಾಗ ಚೈನಿನ ಕೆಳಗಿನ ಸಾಲು ಹಿಂದಿನ ಹಲ್ಲುಚಕ್ರದ ಕಡೆಗೆ ಓಡುತ್ತದೆ. ಬಟ್ಟೆಯ ಒಂದು ಎಳೆ ಕೊಂಡಿಗೆ ಸಿಕ್ಕಿದರೂ ಬಟ್ಟೆ, ಅದರೊಂದಿಗೆ ಬೆರಳು, ಚೈನು ಮತ್ತು ಹಲ್ಲಿನ ನಡುವೆ ಸೇರುತ್ತವೆ. ಎಷ್ಟೇ ಅನುಭವವಿರುವ ಕೈಯಾದರೂ ಈ ವೇಗವನ್ನು ಮೀರಲಾರದು.

4. ಬೇಕಾಗುವ ಸಾಮಗ್ರಿಗಳು

ಹಳೆಯ ಹಲ್ಲುಜ್ಜುವ ಬ್ರಷ್, ಎಳೆ ಬಿಡದ ಹತ್ತಿ ಬಟ್ಟೆ, ಬೆರಳಿಗೆ ಬಿಗಿಯಾಗಿ ಕೂರುವ ರಬ್ಬರ್ ಕೈಗವಸು, ಕೊಳೆ ಎಣ್ಣೆ ಹಿಡಿಯಲು ಹಳೆಯ ತಟ್ಟೆ, ಚೈನ್ ಕ್ಲೀನರ್ ಅಥವಾ ಸ್ವಲ್ಪ ಸೀಮೆಎಣ್ಣೆ, ಮತ್ತು 90 ನಂಬರ್ ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇ.

ಪೆಟ್ರೋಲನ್ನು ಬಳಸಬಾರದು. ಅದರ ಆವಿ ಸಾಮಾನ್ಯ ಉಷ್ಣತೆಯಲ್ಲಿಯೇ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಓಡಿಸಿ ನಿಲ್ಲಿಸಿದ ವಾಹನದ ಸೈಲೆನ್ಸರ್ ಪಕ್ಕದಲ್ಲೇ ಬಿಸಿಯಾಗಿರುತ್ತದೆ. ಕೊಂಡಿಗಳಲ್ಲಿ ರಬ್ಬರ್ ಉಂಗುರವಿರುವ ಚೈನಾದರೆ ಪೆಟ್ರೋಲಿನಿಂದ ಆ ಉಂಗುರವೂ ಹಾಳಾಗುತ್ತದೆ. ಸೀಮೆಎಣ್ಣೆ ಬಳಸುವಾಗಲೂ ಬೀಡಿ, ಸಿಗರೇಟು, ಒಲೆಯ ಬೆಂಕಿ ಹತ್ತಿರವಿರಕೂಡದು. ಎಂಜಿನ್ನಿನಿಂದ ಇಳಿಸಿದ ಹಳೆಯ ಕಪ್ಪು ಆಯಿಲ್ ಕೂಡ ಬೇಡ. ಅದರಲ್ಲಿ ಲೋಹದ ಸೂಕ್ಷ್ಮ ಕಣಗಳೂ ಮಸಿಯೂ ಇರುತ್ತವೆ.

5. ಅನುಸರಿಸಬೇಕಾದ ಕ್ರಮ

1) ವಾಹನವನ್ನು ಗಟ್ಟಿಯಾದ ಸಮತಟ್ಟು ನೆಲದ ಮೇಲೆ, ಬೆಳಕಿರುವಲ್ಲಿ, ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸುವುದು. ಮಕ್ಕಳನ್ನು ದೂರವಿರಿಸುವುದು.

2) ಎಂಜಿನ್ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಕೀಲಿಯನ್ನು ತೆಗೆದು ಜೇಬಿನಲ್ಲಿಟ್ಟುಕೊಳ್ಳುವುದು. ಕೀಲಿ ಜೇಬಿನಲ್ಲಿದ್ದರೆ ಬೇರೆಯವರು ಅರಿಯದೆ ಎಂಜಿನ್ ಚಾಲೂ ಮಾಡುವ ಸಂಭವವಿಲ್ಲ.

3) ಉಂಗುರ, ಕೈಗಡಿಯಾರ, ಬಳೆ ತೆಗೆದಿಡುವುದು. ಪಂಚೆ, ಟವೆಲ್, ಸೆರಗು ಅಥವಾ ವೇಲು ಜೋತಾಡದಂತೆ ಬಿಗಿದುಕೊಳ್ಳುವುದು. ಸೈಲೆನ್ಸರ್ ಆರುವವರೆಗೆ ಕಾಯುವುದು.

4) ಒಂದು ಕೈಯಿಂದ ಹಿಂದಿನ ಟೈರನ್ನು ಹಿಮ್ಮುಖವಾಗಿ, ನಿಧಾನವಾಗಿ ತಿರುಗಿಸುವುದು. ಆಗ ಕೆಳಗಿನ ಸಾಲು ಹಿಂದಿನ ಹಲ್ಲುಚಕ್ರದಿಂದ ದೂರಕ್ಕೆ ಸರಿಯುತ್ತದೆ. ಎರಡು ಹಲ್ಲುಚಕ್ರಗಳ ನಡುಭಾಗದಲ್ಲಿ ಮಾತ್ರ ಬ್ರಷ್ ಹಿಡಿಯುವುದು. ಚಕ್ರ ತಿರುಗಿಸುವವರೂ ಬ್ರಷ್ ಹಿಡಿಯುವವರೂ ಒಬ್ಬರೇ ಆಗಿರಬೇಕು. ಇಬ್ಬರು ಸೇರಿದರೆ ಒಬ್ಬರ ಆತುರಕ್ಕೆ ಮತ್ತೊಬ್ಬರ ಬೆರಳು ಸಿಕ್ಕುತ್ತದೆ.

5) ಕೊಳೆ ಬಿಟ್ಟ ನಂತರ ಚಕ್ರವನ್ನು ನಿಲ್ಲಿಸಿ, ಒಂದು ಗೇಣು ಒರೆಸಿ, ಕೈ ತೆಗೆದು, ಚಕ್ರ ಸರಿಸಿ, ಮುಂದಿನ ಗೇಣು ಒರೆಸುವುದು. ಬಟ್ಟೆಯನ್ನು ಬೆರಳಿಗೆ ಸುತ್ತಿಕೊಳ್ಳಬಾರದು.

6) ಚೈನು ಒಣಗಿದ ಮೇಲೆ ಕೆಳಗಿನ ಸಾಲಿನ ಒಳಮೈಗೆ ಕೊಂಡಿಗೊಂದು ಹನಿಯಂತೆ ಎಣ್ಣೆ ಹಾಕುವುದು. ವಾಹನ ಓಡುವಾಗ ಎಣ್ಣೆಯು ಹೊರಕ್ಕೆ ಚಿಮ್ಮುವುದರಿಂದ ಒಳಮೈಗೆ ಹಾಕಿದ ಎಣ್ಣೆ ಕೊಂಡಿಗಳ ಸಂದಿಗೆ ಇಳಿಯುತ್ತದೆ. ಟೈರಿಗಾಗಲಿ ಬ್ರೇಕಿಗಾಗಲಿ ಎಣ್ಣೆ ತಾಗಬಾರದು.

7) ಅರ್ಧ ಗಂಟೆ ಬಿಟ್ಟು ಹೆಚ್ಚಿನ ಎಣ್ಣೆಯನ್ನು ಒರೆಸಿ ತೆಗೆಯುವುದು. ಸಂಜೆ ಹಾಕಿ ಬೆಳಿಗ್ಗೆ ಓಡಿಸುವುದು ಇನ್ನೂ ಉತ್ತಮ.

8) ಕೆಳಗಿನ ಸಾಲಿನ ನಡುಭಾಗವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ಸಡಿಲಿಕೆ ಅಳೆಯುವುದು. ಹಲವು ವಾಹನಗಳಿಗೆ 20ರಿಂದ 30 ಮಿ.ಮೀ. ಇರಬೇಕು, ವಾಹನದ ಕೈಪಿಡಿಯಲ್ಲಿರುವ ಅಳತೆಯೇ ಅಂತಿಮ. ಚೈನ್ ಲಾಕ್ ಇದ್ದಲ್ಲಿ ಅದರ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಸಾಗುವ ದಿಕ್ಕಿಗಿರಬೇಕು.

ಚೈನನ್ನು ಪೂರ್ತಿ ಮುಚ್ಚುವ ಕವರ್ ಇರುವ ವಾಹನಗಳಲ್ಲಿ ಕವರ್ ಬಿಚ್ಚುವ ಕೆಲಸವನ್ನು ಮೆಕ್ಯಾನಿಕ್ ಕೈಯಿಂದ ಮಾಡಿಸಿ, ತಪ್ಪದೆ ಮರಳಿ ಹಾಕಿಸಬೇಕು. ಹಿಂಬದಿ ಸವಾರರ ಉಡುಪು ಹಿಂದಿನ ಚಕ್ರಕ್ಕೆ ಸಿಲುಕದಂತೆ ರಕ್ಷಣಾ ಸಾಧನವಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 123 ವಿಧಿಸುತ್ತದೆ. ಹಿಂಬದಿಯಲ್ಲಿ ಕುಳಿತು ಸಭೆಗೆ ಬರುವ ಮಹಿಳಾ ಸದಸ್ಯರಿಗೆ ಚೈನ್ ಕವರ್ ಮತ್ತು ಸೀರೆ ಗಾರ್ಡ್ ಎರಡೂ ಜೀವರಕ್ಷಕಗಳೇ ಆಗಿವೆ.

6. ಗಾಯವಾದಲ್ಲಿ

ಬೆರಳು ಸಿಲುಕಿದರೆ ಮೊದಲು ಎಂಜಿನ್ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಚಕ್ರವನ್ನು ಬಂದ ದಿಕ್ಕಿಗೆ ವಿರುದ್ಧವಾಗಿ ನಿಧಾನವಾಗಿ ತಿರುಗಿಸಬೇಕು. ಕೈಯನ್ನು ಎಳೆಯಬಾರದು. ಗಾಯವನ್ನು ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿದು, ಕೈಯನ್ನು ಎತ್ತರಿಸಿ, 108ಕ್ಕೆ ಕರೆ ಮಾಡತಕ್ಕದ್ದು. ಬೆರಳಿನ ತುಂಡು ಬೇರ್ಪಟ್ಟಿದ್ದರೆ ಅದನ್ನು ಒದ್ದೆ ಮಾಡಿದ ಶುಚಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಗಾಯಾಳುವಿನೊಂದಿಗೆ ಕಳುಹಿಸಬೇಕು. ತುಂಡನ್ನು ನೇರವಾಗಿ ಮಂಜುಗಡ್ಡೆಗೆ ತಾಗಿಸಬಾರದು. ಅರಿಶಿನ, ಕಾಫಿಪುಡಿ, ಗ್ರೀಸ್ ಇತ್ಯಾದಿಗಳನ್ನು ಗಾಯಕ್ಕೆ ಹಚ್ಚಕೂಡದು.

7. ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮ

ಅಂತರ್ಜಲವನ್ನೇ ನೆಚ್ಚಿರುವ ಈ ತಾಲ್ಲೂಕುಗಳಲ್ಲಿ ಕೊಳೆ ಎಣ್ಣೆಯನ್ನು ಕೊಳವೆಬಾವಿ, ತೊಂಬೆ, ದನಕರುಗಳ ನೀರಿನ ತೊಟ್ಟಿಗಳ ಬಳಿ ಚೆಲ್ಲದಂತೆ ನೋಡಿಕೊಳ್ಳುವುದು ಪಂಚಾಯಿತಿಯ ಹೊಣೆ. ಬಳಸಿದ ಎಣ್ಣೆಯು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ ಅಧಿಕೃತ ಸಂಗ್ರಹಣೆಗೆ ತಲುಪಿಸುವಂತೆ ಗ್ರಾಮದ ಗ್ಯಾರೇಜುಗಳಿಗೆ ತಿಳಿಸಬಹುದು. ಸಿಬ್ಬಂದಿಗೆ ಸ್ಥಳೀಯ ಮೆಕ್ಯಾನಿಕ್ ಮೂಲಕ ಒಂದು ಗಂಟೆಯ ಪ್ರಾತ್ಯಕ್ಷಿಕೆ ಏರ್ಪಡಿಸಬಹುದು. ಬೆರಳಿಗೆ ಪೆಟ್ಟಾದ ನೀರುಗಂಟಿ ಕೆಲಸಕ್ಕೆ ಬಾರದಿದ್ದರೆ ಅವರ ಮನೆಯ ದುಡಿಮೆಯೂ ಊರಿನ ನೀರೂ ಒಟ್ಟಿಗೆ ನಿಲ್ಲುತ್ತವೆ ಎಂಬುದನ್ನು ಮರೆಯಬಾರದು.

8. ಸಭೆಯಲ್ಲಿ ಚರ್ಚೆಗೆ

ಅ) ನಮ್ಮ ಪಂಚಾಯಿತಿಯ ಸಿಬ್ಬಂದಿಯಲ್ಲಿ ಎಷ್ಟು ಮಂದಿ ಚೈನನ್ನು ತಾವೇ ಶುಚಿಗೊಳಿಸುತ್ತಾರೆ? ಯಾವ ವಿಧಾನದಲ್ಲಿ?
ಆ) ನಮ್ಮ ವಾಹನಗಳಲ್ಲಿ ಚೈನ್ ಕವರ್ ಮತ್ತು ಸೀರೆ ಗಾರ್ಡ್ ಇವೆಯೇ?
ಇ) ಗ್ರಾಮದ ಗ್ಯಾರೇಜುಗಳ ಹಳೆಯ ಆಯಿಲ್ ಈಗ ಎಲ್ಲಿಗೆ ಸೇರುತ್ತಿದೆ?
ಈ) ಪ್ರಾತ್ಯಕ್ಷಿಕೆಯನ್ನು ಯಾವ ದಿನ, ಎಲ್ಲಿ ನಡೆಸಬಹುದು?